ಯಾರ ಎರಡು ಗಂಟೆ?

ಆದಾಮಾ, ಬಸ್ ನಿಲ್ದಾಣದ ಹಿಂದಿನ ಚಾರ್ಜಿಂಗ್ ಅಂಗಳ
ನಮ್ಮ ಲೆಕ್ಕದ ಹೆದಾರ್ ತಿಂಗಳ 9, 2017, ಸೋಮವಾರ, ಊಟದ ಹೊತ್ತು

ನನ್ನ ಮುದ್ದಿನ ವುಬ್‌ಶೆತ್,

ಹೇಗಿದ್ದೀಯ ಕಂದಾ? ಅಡಿಸ್‌ನಲ್ಲಿ ಈ ತಿಂಗಳು ಚಳಿ ಮೂಳೆಗೆ ಇಳಿಯುತ್ತದೆ. ಕೆಮ್ಮು ಹೋಯಿತೋ, ಅಥವಾ ಹೋಯಿತೆಂದು ನನಗೆ ಹೇಳಿ ಸುಮ್ಮನಿದ್ದೀಯೋ? ಹೋದ ಸಲ ಕಳಿಸಿದ ಗಾಬಿಯನ್ನು ಹೊದೆಯುತ್ತಿದ್ದೀಯ ತಾನೆ? ಅದು ಪೆಟ್ಟಿಗೆಯಲ್ಲಿಡಲು ನೇಯಿಸಿದ್ದಲ್ಲ. ಬೆಳಗ್ಗೆ ಬರೀ ಚಹಾ ಬ್ರೆಡ್ಡಿನಲ್ಲಿ ಕೆಲಸಕ್ಕೆ ಹೋಗಬೇಡ. ನಾನು ದೇವರ ದಯೆಯಿಂದ ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಅಪ್ಪನಿಗಾಗಿ ಉಟ್ಟ ಕಪ್ಪು ಬಟ್ಟೆ ಇನ್ನೂ ಬಿಟ್ಟಿಲ್ಲ. ವರ್ಷ ಕಳೆದ ಮೇಲೆ ಬಿಡಬೇಕೆಂದು ನೆರೆಯವರು ದಿನಾ ಹೇಳುತ್ತಾರೆ. ಬಿಳಿ ನೆತೆಲಾ ಶಾಲನ್ನು ಒಗೆದು, ಮಡಿಸಿ, ಮತ್ತೆ ಅಲ್ಲೇ ಇಡುತ್ತೇನೆ.

ಫೋನಿರುವಾಗ ಕಾಗದ ಯಾಕೆಂದು ನಗಬೇಡ. ನಿನ್ನೆ ಫೋನಿನಲ್ಲಿ ನಾನು ಕೇಳಿದ್ದು ಒಂದು, ನೀನು ಹೇಳಿದ್ದು ಒಂದು, ಅಷ್ಟರಲ್ಲಿ ಲೈನು ಕಡಿದುಹೋಯಿತು. ಯೆಶಿತಿಲಾ ಅಡಿಸ್‌ಗೆ ಹೊರಟಿದ್ದಾನೆ, ಸಂಜೆಯೊಳಗೆ ನಿನ್ನ ಕೈಗೆ ಮುಟ್ಟಿಸುತ್ತೇನೆಂದಿದ್ದಾನೆ. ಅವನು ಈಗ ಓಡಿಸುವುದು ಕರೆಂಟಿನ ಮಿನಿಬಸ್ಸು. ಅದು ಇಲ್ಲಿ ಗೋಡೆಗೆ ಆತುಕೊಂಡು, ಹೊಟ್ಟೆಗೆ ಕೊಳವೆ ಸಿಕ್ಕಿಸಿದ ರೋಗಿಯ ಹಾಗೆ ನಿಂತಿದೆ. ನಾನು ಎದುರಿನ ಬೆಂಚಿನಲ್ಲಿ ಕೂತು ತೊಡೆಯ ಮೇಲೆ ಬರೆಯುತ್ತಿದ್ದೇನೆ. "ಚಾರ್ಜು ಎಂಬತ್ತಕ್ಕೆ ಬಂದ ಕೂಡ್ಲೆ ಹೊರಟೆ ಅಕ್ಕಾ. ನಿಮ್ ಕಾಗ್ದ ಇಪ್ಪತ್ತರಲ್ಲೇ ಇದ್ರೂ ನಾನು ಕಾಯಲ್ಲ" ಎಂದು ಗದರಿಸಿ ಊಟಕ್ಕೆ ಹೋಗಿದ್ದಾನೆ. ಕಂಬದ ಪರದೆ ಈಗ ನಲವತ್ತೊಂದು ಎಂದು ತೋರಿಸುತ್ತಿದೆ.

ನಮ್ಮ ಕಾರ್ಖಾನೆಯ ಸುದ್ದಿ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಸರ್ಕಾರದ ನೆರವಿನಿಂದ ಹಳೆಯ ಮೋಟಾರುಗಳೆಲ್ಲ ಹೋಗಿ ಹೊಸವು ಬಂದಿವೆ. ಮೆಕರೋನಿ ಒಣಗಿಸುವ ಕೋಣೆಗಳಿಗೆ ಒಳಗಿನಿಂದ ದಪ್ಪ ಹೊದಿಕೆ ಹಾಕಿದ್ದಾರೆ, ಗೋಡೆ ಮುಟ್ಟಿದರೆ ಬಿಸಿಯೇ ಇಲ್ಲ. ಅಳತೆಯ ಯಂತ್ರ ಹಿಡಿದ ಇಬ್ಬರು ಹುಡುಗಿಯರು ಬಂದು ಮೂರು ದಿನ ಎಲ್ಲವನ್ನೂ ಬರೆದುಕೊಂಡು, ಕರೆಂಟು ಕಾಲು ಭಾಗ ಉಳಿದಿದೆ ಎಂದರು. ಉಳಿದ ಶಕ್ತಿಯಲ್ಲೇ ಗೇಟಿನ ಬಳಿ ಬಸ್ಸುಗಳಿಗೆ ಚಾರ್ಜಿಂಗ್ ಕಂಬಗಳು ಬರಲಿವೆ. ಅದಕ್ಕೂ ಸರ್ಕಾರದ ಸಹಾಯ. ಎಲ್ಲರೂ ಸಂತೋಷವಾಗಿದ್ದಾರೆ. ನಾನೂ ಸಂತೋಷಪಡಬೇಕು. ಆದರೆ ಮಗನೇ, ಹೊಸ ಮೋಟಾರುಗಳಿಗೆ ಸದ್ದೇ ಇಲ್ಲ. ಮೊದಲು ಉಗ್ರಾಣದಲ್ಲಿ ಕೂತೇ ಕರೆಂಟು ಇದೆಯೋ ಹೋಯಿತೋ ಹೇಳುತ್ತಿದ್ದೆ, ನೆಲವೇ ಹೇಳುತ್ತಿತ್ತು. ಈಗ ತಿಳಿಯುವುದಿಲ್ಲ. ದಿನಕ್ಕೆ ಹತ್ತು ಸಲ ಎದ್ದು ಹೋಗಿ ದೀಪದ ಗುಂಡಿ ಒತ್ತಿ ನೋಡುತ್ತೇನೆ. ಪ್ಯಾಕಿಂಗ್ ಹುಡುಗಿಯರು, "ಅಸ್ನಕೆಚ್ ಅಕ್ಕ ದೀಪಕ್ಕೆ ನಮಸ್ಕಾರ ಹಾಕೋಕೆ ಹೊರಟ್ರು" ಎಂದು ನಗುತ್ತಾರೆ.

ಈಗ ನನ್ನ ಭಯದ ಮಾತು. ಶನಿವಾರ ವಿದ್ಯುತ್ ಕಚೇರಿಯಿಂದ ಕಾಗದ ಬಂತು. ಗುರುವಾರ, ದೇವದೂತ ಮಿಕಾಯಿಲನ ಹಬ್ಬದ ದಿನ, ಕಾರ್ಖಾನೆಗೆ ಹೇಗೂ ರಜೆಯಾದ್ದರಿಂದ, ಚಾರ್ಜಿಂಗ್ ಕಂಬಗಳ ತಂತಿಯನ್ನು ನಮ್ಮ ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸುತ್ತಾರೆ, ಅದಕ್ಕಾಗಿ 2ರಿಂದ 6ರವರೆಗೆ ಕರೆಂಟು ತೆಗೆಯಲಾಗುವುದು ಎಂದಿದೆ. ಜೋಡಿಸಲು ಅಡಿಸ್‌ನಿಂದ ಬರುವವರ ಹೆಸರುಗಳಲ್ಲಿ ಮೊದಲನೆಯದೇ ನಿನ್ನದು. ಬರೀ 2, ಬರೀ 6. ಯಾರ ಎರಡು? ಸೂರ್ಯ ಹುಟ್ಟಿದಲ್ಲಿಂದ ಎಣಿಸುವ ನಮ್ಮ ಎರಡಾದರೆ ಅದು ಬೆಳಗ್ಗೆ, ಮಕ್ಕಳು ಶಾಲೆಗೆ ಹೋಗುವ ಹೊತ್ತು. ಪರದೇಶದವರ ಎರಡಾದರೆ ಅದು ಊಟವಾದ ಮೇಲೆ, ನಮ್ಮ ಎಂಟು ಗಂಟೆಗೆ. ನಡುವೆ ಆರು ಗಂಟೆ. ಆ ಆರು ಗಂಟೆ ನಿನ್ನ ಕೈ ತಂತಿಯ ಮೇಲಿರುತ್ತದೋ ಇಲ್ಲವೋ ಎಂದು ಶನಿವಾರದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ನೋಟಿಸನ್ನು ನಮ್ಮ ಅಮ್ಹಾರಿಕ್ ಭಾಷೆಗೆ ಇಳಿಸಿ ಹಲಗೆಯ ಮೇಲೆ ಬರೆಯಬೇಕಾದವಳು ನಾನು. ಎಂಟನೇ ಕ್ಲಾಸು ಓದಿದವಳಿಗೆ, ಅಕ್ಷರ ದುಂಡಗಿದೆಯೆಂದು ಕೊಟ್ಟ ಮರ್ಯಾದೆ ಅದು. ಬರೆದಿಲ್ಲ. ಮ್ಯಾನೇಜರ್ ಶೆವಂಗಿಜಾವ್ ಅವರನ್ನು ಕೇಳಿದೆ. "ಯಾರ ಎರಡು ಅಂದ್ರೇನಮ್ಮ? ನಮ್ ದೇಶ, ನಮ್ ಗಂಟೆ. ಬರ್ದು ನೇತುಹಾಕು" ಎಂದರು. ಇವತ್ತು ಬೆಳಗ್ಗೆ ವಿದ್ಯುತ್ ಕಚೇರಿಯ ಕಿಟಕಿಯಲ್ಲಿ ಕೇಳಿದೆ. ಅಲ್ಲಿದ್ದ ಹೊಸ ಹುಡುಗಿ, "ಕಂಪ್ಯೂಟರಲ್ಲಿ ಎರಡು ಅಂತಿದೆ, ನಾನೂ ಎರಡು ಅಂತಿದೀನಿ. ನಿಮಗೆ ಮೂರು ಬೇಕಾ?" ಎಂದಳು. ಹಿಂದೆ ನಿಂತವರು ನಕ್ಕರು. ನಿನ್ನೆ ಫೋನಿನಲ್ಲಿ ನಿನ್ನನ್ನು ಕೇಳಿದರೆ ನೀನು, "ಎರಡಕ್ಕೆ ಶುರು ಅಮ್ಮಾ. ಕಾಫಿ ಹುರಿದಿಡು, ಕುಡಿದೇ ಹೋಗ್ತೀನಿ" ಎಂದೆ. ಯಾವ ಎರಡು ಎಂದು ಕೇಳಿದ್ದಕ್ಕೆ, "ಟೆಸ್ಟರ್ ಹಚ್ಚದೆ ಯಾರಾದ್ರೂ ತಂತಿ ಮುಟ್ತಾರಾ? ಅಪ್ಪನ ಕಾಲ ಅಲ್ಲ ಇದು" ಎಂದೆ.

ಟೆಸ್ಟರ್ ಅಪ್ಪನ ಬಳಿಯೂ ಇತ್ತು, ಮಗನೇ. ಆ ದಿನ ನೀನು ಊರಿನಲ್ಲಿರಲಿಲ್ಲ, ಅದಕ್ಕೇ ಒಮ್ಮೆ ಪೂರ್ತಿ ಬರೆಯುತ್ತೇನೆ. ಹಲಗೆಯ ಮೇಲೆ 2ರಿಂದ 6 ಎಂದಿತ್ತು. ಬೆಳಗ್ಗೆ ನಮ್ಮ ಎರಡು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ರಿಪೇರಿಗೆ ಹೊರಟಿದ್ದ ಅಪ್ಪ ಉಗ್ರಾಣದ ಬಾಗಿಲಲ್ಲಿ ತಲೆ ಹಾಕಿ, "ನೋಡ್ದ್ಯಾ? ಇವತ್ತಾದ್ರೂ ಹೇಳಿದ ಹೊತ್ತಿಗೆ ತೆಗೆದ್ರು. ಇವರಿಗೂ ಬುದ್ಧಿ ಬಂತು ಅನ್ನು" ಎಂದು ನಕ್ಕರು. ಟೆಸ್ಟರ್ ಹಚ್ಚಿದರು. ಸತ್ತ ತಂತಿ ಎಂದೇ ಅದು ಹೇಳಿತು, ಸುಳ್ಳು ಹೇಳಲಿಲ್ಲ. ಆದರೆ ಅದು ಕಚೇರಿಯವರು ತೆಗೆದ ಕರೆಂಟಲ್ಲ, ದಿನವೂ ತಾನಾಗಿ ಹೋಗಿ ಬರುವಂತೆ ಹೋಗಿದ್ದು. ಅವರು ತೆಗೆಯಬೇಕೆಂದಿದ್ದುದು ಊಟವಾದ ಮೇಲೆ. ಕಚೇರಿಯೇ ತೆಗೆದಿದೆಯಲ್ಲ ಎಂದು ಅಪ್ಪ, ಕರೆಂಟು ಮರಳಿದರೂ ಭೂಮಿಗೆ ಇಳಿಸಿಬಿಡುವ ಸರಪಳಿಯನ್ನು ತಂತಿಗೆ ಹಾಕಲಿಲ್ಲ. ಬೆಳಗ್ಗೆಯೇ, ನಮ್ಮ ಮೂರೂವರೆಯ ಹೊತ್ತಿಗೆ, ರಸ್ತೆಯಾಚೆಯ ಹಿಟ್ಟಿನ ಗಿರಣಿ ಗರ್ರೆಂದಿತು. ನನಗೆ ಮೊದಲು ಬಂದದ್ದು ಸಂತೋಷ, ದೇವರಾಣೆಗೂ. ಕರೆಂಟು ಬಂತು, ಇನ್ನು ಚಹಾ ಕಾಯಿಸಬಹುದು ಎಂದುಕೊಂಡೆ. ಲೋಟ ಕೈಗೆತ್ತಿಕೊಂಡ ಮೇಲೆ ಅಪ್ಪ ಎಲ್ಲಿದ್ದಾರೆಂದು ನೆನಪಾಯಿತು. ಬರುವ ಯೆಕಾತಿತ್ ತಿಂಗಳಿಗೆ ಎರಡು ವರ್ಷ.

ಅದೇ ಟ್ರಾನ್ಸ್‌ಫಾರ್ಮರ್, ಅದೇ ಅಂಕಿಗಳು. ಇವತ್ತಿಗೂ ಬೆಳಗಿನ ಹೊತ್ತು ಕರೆಂಟು ತಾನಾಗಿ ಹೋಗಿ ಬರುವುದು ತಪ್ಪಿಲ್ಲ. ನಿನ್ನ ಟೆಸ್ಟರೂ ನಿಜವನ್ನೇ ಹೇಳೀತು, ಆ ಗಳಿಗೆಯ ನಿಜ. ಮುಂದಿನ ಗಳಿಗೆ ಅದಕ್ಕೇನು ಗೊತ್ತು?

ಇನ್ನೊಂದು ವಿಷಯ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ಈ ಅಂಗಳ ನೋಡಿಕೊಳ್ಳುವವರು ತೊಲೆರಾ. ಹೌದು, ಅವರೇ. ಆಗ ವಿದ್ಯುತ್ ಕಚೇರಿಯಲ್ಲಿ ಕೂತು ಕರೆಂಟು ತೆಗೆಯುವ ಹಾಕುವ ಕಾಗದ ಬರೆಯುತ್ತಿದ್ದವರು. ವಿಚಾರಣೆಯಲ್ಲಿ ಅವರು, "ನಾನು ಹದಿನಾಲ್ಕು ಅಂತ್ಲೇ ಬರ್ದಿದ್ದೆ, ಎರಡು ಅಂತ ಬರ್ದಿಲ್ಲ. ಹದಿನಾಲ್ಕು ಅಂದ್ರೆ ಯಾರಿಗೂ ತಪ್ಪಾಗಲ್ಲ" ಎಂದು ಮತ್ತೆ ಮತ್ತೆ ಹೇಳಿದ್ದು ನಿನಗೂ ಗೊತ್ತು. ಮೂಲ ಕಾಗದ ಕಾರ್ಖಾನೆಯ ಕಡತದಲ್ಲಿ ಸಿಗಲಿಲ್ಲ. ಅವರ ಬಳಿಯ ಕಾರ್ಬನ್ ಪ್ರತಿಯಲ್ಲಿ ಆ ಸಾಲು ಮೂಡಿರಲಿಲ್ಲ. ಅವರ ಕೆಲಸ ಹೋಯಿತು. ಅಪ್ಪನ ನಲವತ್ತನೇ ದಿನದ ಊಟಕ್ಕೆ ಅವರು ಬಂದು ಡೇರೆಯ ಮೂಲೆಯಲ್ಲಿ ಕೂತಾಗ ನೀನು ಅವರ ಮುಂದಿನ ಇಂಜೆರಾ ರೊಟ್ಟಿ ಎತ್ತಿಕೊಂಡೆ. "ನಮ್ಮಪ್ಪನ್ನ ತಿಂದಿದ್ದು ಸಾಲ್ದಾ? ನಲವತ್ತನೇ ದಿನದ ಊಟಾನೂ ಬೇಕಾ ನಿಂಗೆ?" ಎಂದೆ. ಅಷ್ಟು ಜನರ ಮುಂದೆ ಅವರು ಕೈ ಒರೆಸಿಕೊಂಡು ಎದ್ದು ಹೋದರು. ನಾನು ಅಲ್ಲೇ ಇದ್ದೆ. ಮುಂದಿನವರಿಗೆ ಬಡಿಸುತ್ತಾ ಹೋದೆ.

ಈಗಷ್ಟೇ ಅವರು ಬಂದು ನನಗೊಂದು ಲೋಟ ಕಾಫಿ ಇಟ್ಟು, "ಬಿಸಿಲು ಈ ಕಡೆ ತಿರುಗ್ತಾ ಇದೆ ತಂಗೀ, ಬೆಂಚು ಸ್ವಲ್ಪ ಎಳ್ಕೋ" ಎಂದು ಹೇಳಿ ಹೋದರು. ಕಾಫಿಗೆ ಒಂದೆಸಳು ಘಮಘಮಿಸುವ ತೆನಾ ಆದಾಮ್ ಸೊಪ್ಪನ್ನೂ ಹಾಕಿದ್ದಾರೆ. ಲೋಟ ಎತ್ತುವಾಗ ಮೇಲಿನ ಸಾಲಿನ ಮೇಲೆ ಚೆಲ್ಲಿತು, ಮನ್ನಿಸು.

ಊರಿನಲ್ಲಿ ಆ ಕಚೇರಿಯ ಕಾಗದವನ್ನು ಖಚಿತವಾಗಿ ಓದಬಲ್ಲವರು ಈಗ ಅವರೊಬ್ಬರೇ. ಯಾವ ನಮೂನೆಯಲ್ಲಿ ಯಾರ ಗಂಟೆ ಎಂಬುದು ಇಪ್ಪತ್ತೆರಡು ವರ್ಷ ಬರೆದ ಕೈಗೆ ಗೊತ್ತಿರದೆ ಇರುತ್ತದೆಯೇ? ಕಾಗದ ನನ್ನ ಚೀಲದಲ್ಲಿದೆ. ಅವರು ಹತ್ತು ಹೆಜ್ಜೆ ದೂರದಲ್ಲಿದ್ದಾರೆ. ಎದ್ದು ಹೋಗಿ ತೋರಿಸಲು ಆಗುತ್ತಿಲ್ಲ. ಯಾಕೆಂದು ನೀನು ಕೇಳಬೇಡ, ಬರೆಯಲು ನನಗೂ ಆಗುತ್ತಿಲ್ಲ. ಭಯಗಳಲ್ಲೂ ದೊಡ್ಡದು ಚಿಕ್ಕದು ಇರುತ್ತದೆ ಎಂದು ಈ ಮೂರು ದಿನದಲ್ಲಿ ತಿಳಿಯಿತು. ದೊಡ್ಡದು ಯಾವುದೆಂದು ಎದೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ.

ಪರದೆಯ ಮೇಲೆ ಅರವತ್ತೆಂಟು. ಇಷ್ಟು ಮಾತ್ರ ಕೇಳು. ಗುರುವಾರ ಯಾರು ಏನೇ ಹೇಳಲಿ, ಕಚೇರಿಗೆ ನೀನೇ ಫೋನ್ ಮಾಡಿ, ಬೆಳಗ್ಗೆಯೋ ಮಧ್ಯಾಹ್ನವೋ ಎಂದು ಬಾಯಿಬಿಟ್ಟು ಹೇಳಿಸಿಕೋ. ಗಂಟೆ ಕೇಳಬೇಡ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳು. ಸರಪಳಿ ಹಾಕದೆ ಮೇಲೆ ಹತ್ತಬೇಡ. ಸ್ವಿಚ್ಚಿಗೆ ಬೀಗ ಹಾಕಿ ಬೀಗದಕೈಯನ್ನು ನಿನ್ನ ಜೇಬಿನಲ್ಲೇ ಇಟ್ಟುಕೋ, ಗೆಳೆಯನ ಜೇಬಿನಲ್ಲಲ್ಲ. ಅಮ್ಮ ಪುಕ್ಕಲು ಎಂದು ಜೊತೆಯವರು ನಕ್ಕರೆ ನೀನೂ ನಗು, ಆದರೆ ಬೀಗ ಹಾಕು.

ಮಿಕಾಯಿಲ ನಿನ್ನನ್ನು ರೆಕ್ಕೆಯೊಳಗೆ ಇಟ್ಟುಕೊಳ್ಳಲಿ. ನಿನ್ನ ಬಾಡಿಗೆ ಮನೆಯ ಒಡತಿಗೆ ನನ್ನ ವಂದನೆ ಹೇಳು. ಜೊತೆಗೆ ಕಳಿಸಿದ ಡಬ್ಬಿಯಲ್ಲಿ ಕಡಲೆಯ ಶಿರೋ ಪುಡಿ ಇದೆ, ಈ ಸಲ ಖಾರ ಕಡಿಮೆ ಹಾಕಿದ್ದೇನೆ.

ನಿನ್ನ ತಾಯಿ,
ಅಸ್ನಕೆಚ್

ಮರೆತ ಮಾತು: ಯೆಶಿತಿಲಾ ಬಂದು ಹಾರ್ನ್ ಒತ್ತುತ್ತಿದ್ದಾನೆ. ಸಹಿ ಹಾಕಿದ ಮೇಲೆ ಎದ್ದು ಹೋದೆ. ಹೊಸ ಕಾಗದ ತೋರಿಸಿದೆ. ತೊಲೆರಾ ಕನ್ನಡಕ ಹಾಕಿಕೊಂಡು, "ಇದು ಹಳೇ ನಮೂನೆ ತಂಗೀ, ಇದರಲ್ಲಿ ಯಾವಾಗ್ಲೂ ಪರದೇಶದ ಗಂಟೆ. ಊಟ ಆದ್ಮೇಲೆ, ನಮ್ಮ ಎಂಟಕ್ಕೆ. ಬೆಳಗ್ಗೆ ಲೈನಲ್ಲಿ ಕರೆಂಟಿರತ್ತೆ, ಹುಡುಗನಿಗೆ ಹೇಳು" ಎಂದರು. ನನ್ನೆದುರೇ ವಿದ್ಯುತ್ ಕಚೇರಿಯೊಳಗಿರುವ ಹಳೇ ಸ್ನೇಹಿತರಿಗೆ ಫೋನ್ ಮಾಡಿ ಕೇಳಿದರು, ಅವರೂ ಹೌದೆಂದರು. ಗುರುವಾರ ಮಧ್ಯಾಹ್ನ, ಊಟವಾದ ಮೇಲೆ. ಬೆಳಗ್ಗೆ ಆ ತಂತಿಯ ಹತ್ತಿರ ಹೋಗಬೇಡ, ಹೋಗಬೇಡ. ಆಮೇಲೆ ನಾನು ಇನ್ನೊಂದು ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅಪ್ಪ ಹೋದ ದಿನದ, ಕಡತದಲ್ಲಿ ಸಿಗದ ಆ ಮೂಲ ಕಾಗದ. ಅದರಲ್ಲಿ 14 ಎಂದೇ ಇದೆ. ಹದಿನಾಲ್ಕರಲ್ಲಿ ಹನ್ನೆರಡು ಕಳೆದು ಹಲಗೆಯ ಮೇಲೆ 2 ಎಂದು ಬರೆದವಳು ನಾನು. ಅಷ್ಟಕ್ಕೇ ನಿಲ್ಲಿಸಿದೆ, ಅದನ್ನು ನಮ್ಮ ಎಂಟು ಮಾಡಬೇಕೆಂದು ಹೊಳೆಯಲಿಲ್ಲ. ಆ ಸಂಜೆಯೇ ಕಡತದಿಂದ ಕಾಗದ ತೆಗೆದು ಮನೆಗೆ ತಂದಿದ್ದೆ. ತೊಲೆರಾ ಅದನ್ನು ಎರಡು ಸಲ ಓದಿದರು. ಮಡಿಸಿ ಜೇಬಿಗೆ ಹಾಕಿಕೊಂಡರು. ನನ್ನ ಮುಖ ನೋಡಲಿಲ್ಲ. "ಗಾಡಿ ಎಂಬತ್ತಾಯ್ತು, ಕಾಗ್ದ ಕಳ್ಸೋದಿದ್ರೆ ಕಳ್ಸು" ಎಂದರು, ಅಷ್ಟೇ. ಗುರುವಾರ ನೀನು ಬಂದಾಗ ಮೊದಲು ಅವರ ಮನೆಗೆ ಹೋಗು. ನಮ್ಮ ಮನೆಗೆ ಬರುವುದೋ ಬೇಡವೋ ಆಮೇಲೆ ಯೋಚಿಸು.