ಕಾರು ಬಾಗಿಲಲ್ಲೇ ನಿಲ್ಲುವ ರೂಮು

ಅಕ್ಕನ ಮನೆ
ಭಾನುವಾರ ಮಧ್ಯಾಹ್ನ

ಮೆಕ್ಯಾನಿಕ್ ಸಾಹೇಬರಿಗೆ,

ನಿಮ್ಮ ಕಾಗದ ಬಂದು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಸೋತು ಎದ್ದುಬಿಡುತ್ತಿದ್ದೆ. ಇವತ್ತು ಅಕ್ಕ ಮಲಗಿದ್ದಾಳೆ, ಒಗೆಯುವ ಬಟ್ಟೆಯೂ ಮುಗಿದಿದೆ, ತಪ್ಪಿಸಿಕೊಳ್ಳಲು ನೆಪ ಉಳಿದಿಲ್ಲ.

ಮಗಳ ರಿಜಿಸ್ಟರ್ ಮದುವೆಗೆ ನಾವಿಬ್ಬರೂ ಸಾಕ್ಷಿ ಸಹಿ ಹಾಕಬೇಕು, ಅವಳ ಬಾಡಿಗೆ ಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ, ಅದಕ್ಕೇ ಊರ ನಡುವಿನ ದೊಡ್ಡ ಹೋಟೆಲಿನಲ್ಲಿ ಅಕ್ಕಪಕ್ಕದ ಎರಡು ರೂಮು ಹೇಳಿದ್ದೇನೆ ಎಂದು ಬರೆದಿದ್ದೀರಿ. ಲಿಫ್ಟ್ ಇದೆ, ಸಾಮಾನು ಹೊರುವವರಿದ್ದಾರೆ, ನಿನಗೂ ಒಂದೆರಡು ದಿನ ಆರಾಮ ಸಿಗುತ್ತದೆ ಎಂದೂ ಇದೆ. ಆಮೇಲೆ ಹಾಳೆಯ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಮದುವೆ ಮುಗಿದ ಮೇಲೆ ನಾವಿಬ್ಬರೂ ಹೀಗೇ ಬೇರೆ ಬೇರೆ ಇರುವುದಾ ಎಂದು ಕೇಳಿದ್ದೀರಿ. ಕೇಳಲೇಬೇಕಾದ್ದನ್ನು ಮೂಲೆಗೆ ತಳ್ಳುವುದು ನಿಮ್ಮ ಹಳೆಯ ಚಾಳಿ.

ಹೋಟೆಲಿಗೆ ನಾನು ಬರುವುದಿಲ್ಲ. ಊರ ಹೊರಗೆ ಹೆದ್ದಾರಿ ಪಕ್ಕದಲ್ಲಿ ಒಂದು ಮೋಟೆಲ್ ಇದೆಯಂತೆ, ಅಲ್ಲಿ ಇಳಿದುಕೊಳ್ಳುತ್ತೇನೆ. ಹಟಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಟ ಹಿಡಿಯಲೂ ತ್ರಾಣ ಬೇಕು.

ಹೋಟೆಲೆಂದರೆ ಎಷ್ಟು ಕೆಲಸ ಗೊತ್ತೇ? ಬಾಗಿಲು ತೆರೆಯುವವನು ನಗುತ್ತಾನೆ, ಕೌಂಟರಿನವಳು ನಗುತ್ತಾಳೆ, ಎಲ್ಲರಿಗೂ ತಿರುಗಿ ನಗಬೇಕು. ಲಿಫ್ಟಿನಲ್ಲಿ ಗುರುತಿಲ್ಲದವರ ಜೊತೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಬೆಳಗಾದರೆ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ತಿಂಡಿಗೆ ಹೋಗಿ ನಿಮ್ಮೆದುರು ಕೂರಬೇಕು. ಗಂಡ ಹೆಂಡತಿಗೆ ಎರಡು ರೂಮು ಯಾಕೆ ಎಂದು ಆ ಕೌಂಟರಿನವಳು ಬಾಯಿಬಿಟ್ಟು ಕೇಳುವುದಿಲ್ಲ ನಿಜ, ಆದರೆ ನನಗೆ ಕೇಳಿಸುತ್ತದೆ.

ಮೋಟೆಲಿನಲ್ಲಿ ಈ ರಗಳೆ ಇಲ್ಲ. ಕಾರು ಬಾಗಿಲಿಗೇ ಬಂದು ನಿಲ್ಲುತ್ತದೆ, ಇಳಿದರೆ ರೂಮು. ರಾತ್ರಿಯೆಲ್ಲ ಲಾರಿಗಳ ಸದ್ದು, ಸೋಪು ಹೆಬ್ಬೆರಳಿನ ಉಗುರಿನಷ್ಟು, ಹಸಿವಾದರೆ ಪೆಟ್ರೋಲ್ ಬಂಕಿನ ಒಣ ಬ್ರೆಡ್ಡೇ ಗತಿ. ಒಪ್ಪಿದೆ. ಆದರೂ ದಣಿದವರಿಗೆ ಅಲ್ಲಿ ಯಾರ ಹಂಗೂ ಇಲ್ಲ.

ನೀವು ಗಾರ್ಮೆಂಟ್ ಕಾರ್ಖಾನೆಗಳ ಹೊಲಿಗೆ ಮಷೀನು ರಿಪೇರಿಗೆ ಊರೂರು ಸುತ್ತುವಾಗ ಕಾರು ಓಡಿಸಿದವಳು ನಾನು. ಒಮ್ಮೆ ಒಂದು ಹೋಟೆಲಿನವರು ನಮ್ಮ ಎಣ್ಣೆ ಮೆತ್ತಿದ ಪೆಟ್ಟಿಗೆ ನೋಡಿ ಹಿಂಬಾಗಿಲಿನಿಂದ ಬನ್ನಿ ಎಂದರು. ಅವತ್ತು ಬಿಟ್ಟ ಹೋಟೆಲನ್ನು ಆಮೇಲೆ ನಾವು ಹಿಡಿಯಲೇ ಇಲ್ಲ. ಮೋಟೆಲ್ ಮಂಚದ ಮೇಲೆ ಹಳೆ ಪೇಪರ್ ಹಾಸಿ ನೀವು ಮಷೀನು ಬಿಚ್ಚುತ್ತಿದ್ದಿರಿ, ನಾನು ಟಾರ್ಚ್ ಹಿಡಿಯುತ್ತಿದ್ದೆ. ಕಳೆದುಹೋದ ಸ್ಕ್ರೂ ನಿಮ್ಮ ಕಿವಿಯ ಸಂದಿಯಲ್ಲೇ ಸಿಕ್ಕಾಗ ನಾವು ನಕ್ಕ ನಗುವಿಗೆ ಪಕ್ಕದ ರೂಮಿನವರು ಗೋಡೆ ಗುದ್ದಿದರು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ.

ಕಂಪನಿಯವರು ನಿಮ್ಮನ್ನು ಕಲಿಸುವ ಮೇಷ್ಟರನ್ನಾಗಿ ಮಾಡಿದ ಮೇಲೆ ಹೋಟೆಲ್ ವಾಸ ನಿಮ್ಮೊಬ್ಬರಿಗೇ ಶುರುವಾಯಿತು. ಬರುವಾಗ ನನಗೆ ಪುಟ್ಟ ಶಾಂಪೂ ಬಾಟಲಿ ತರುತ್ತಿದ್ದಿರಿ, ಖುಷಿಯಾಗುತ್ತಿತ್ತು. ಒದ್ದೆ ಟವೆಲನ್ನು ಬಚ್ಚಲ ನೆಲದ ಮೇಲೆ ಬಿಡತೊಡಗಿದಿರಿ, ಎತ್ತಿಟ್ಟೆ. ಹಾಸಿಗೆ ಬಟ್ಟೆ ಬದಲಾಯಿಸಿಲ್ಲವಾ ಎಂದಿರಿ, ಬದಲಾಯಿಸಿದೆ. ಒಂದು ದಿನ ಊಟ ಮಾಡಿದ ತಟ್ಟೆಯನ್ನು, ಹೋಟೆಲಿನಲ್ಲಿ ಇಡುವ ಹಾಗೆ, ಮಲಗುವ ಕೋಣೆಯ ಬಾಗಿಲಾಚೆ ನೆಲದ ಮೇಲಿಟ್ಟು ಕದ ಹಾಕಿಕೊಂಡಿರಿ. ತಮಾಷೆಗೆ ಇಟ್ಟಿದ್ದರೆ ನಾನೂ ನಗುತ್ತಿದ್ದೆ. ನಿಮಗೆ ಅದು ಗೊತ್ತೇ ಆಗಲಿಲ್ಲ. ತಟ್ಟೆ ತೊಳೆದಿಟ್ಟು ಮರುವಾರ ಅಕ್ಕನ ಮನೆಗೆ ಬಂದೆ.

ಒಂದು ತಟ್ಟೆಗೋಸ್ಕರ ಯಾರಾದರೂ ಸಂಸಾರ ಬಿಡುತ್ತಾರಾ ಎಂದು ಅಕ್ಕ ಇವತ್ತಿಗೂ ಬೈಯುತ್ತಾಳೆ. ಅವಳಿಗೆ ಹೇಗೆ ಹೇಳಲಿ, ನಮ್ಮ ಮನೆಯಲ್ಲಿ ನೀವೊಬ್ಬರು ಗಿರಾಕಿ, ನಾನು ರೂಮು ಗುಡಿಸುವವಳು ಆಗಿಬಿಟ್ಟಿದ್ದೆವೆಂದು? ನನಗೆ ತುಂಬಾ ನೋವಾಗಿತ್ತು. ಈಗ ನೋವು ಹೋಗಿ ಸುಸ್ತು ಮಾತ್ರ ಉಳಿದಿದೆ.

ಈಗ ನೀವೇ ಅಡುಗೆ ಮಾಡಿಕೊಳ್ಳುತ್ತೀರಂತೆ, ಸೊಂಟ ನೋವಿನಲ್ಲೂ ನೆಲ ಒರೆಸುತ್ತೀರಂತೆ. ಮಗಳು ನಿಮ್ಮ ಪರ ವಕಾಲತ್ತು ವಹಿಸಿದ್ದಾಳೆ, ಅವಳ ಮಾತಿನಲ್ಲಿ ಅರ್ಧ ಕಳೆದು ನಂಬುತ್ತೇನೆ. ಮೂಲೆಯಲ್ಲಿ ಕೇಳಿದ್ದಕ್ಕೆ ಮಾತ್ರ ಈಗ ಉತ್ತರ ಕೇಳಬೇಡಿ. ಜಗಳವಾಡಲೂ ರಾಜಿಯಾಗಲೂ ನನ್ನಲ್ಲಿ ಶಕ್ತಿಯಿಲ್ಲ. ನೀವು ನಿಮ್ಮ ಹೋಟೆಲಿನಲ್ಲಿರಿ, ನಾನು ನನ್ನ ಮೋಟೆಲಿನಲ್ಲಿರುತ್ತೇನೆ. ಸಹಿ ಹಾಕುವಾಗ ಪಕ್ಕದಲ್ಲಿ ನಿಂತರೆ ಸಾಕು.

ಸಿಟ್ಟು ಇಳಿದರೂ ಸುಸ್ತು ಇಳಿಯದ
ನಿಮ್ಮ ಡ್ರೈವರ್

ಇನ್ನೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಆ ಹೋಟೆಲಿನಿಂದ ನನಗೆ ಫೋನ್ ಬಂತು. ರೂಮು ಹೇಳುವಾಗ ನಿಮ್ಮ ನಂಬರಿನ ಬದಲು ನನ್ನದು ಕೊಟ್ಟಿದ್ದೀರಿ. ಊರೂರು ಸುತ್ತುವಾಗ ಎಲ್ಲ ಕಡೆಯೂ ರೂಮು ಹೇಳುತ್ತಿದ್ದವಳು ನಾನೇ ಅಲ್ಲವೇ, ನಿಮಗೆ ಇವತ್ತಿಗೂ ಬಾಯಿಗೆ ಬರುವುದು ಅದೊಂದೇ ನಂಬರು. ಎರಡು ರೂಮು ಖಾಯಂ ಮಾಡಲಾ ಎಂದು ಕೌಂಟರಿನವಳು ಕೇಳಿದಳು. ಎರಡೂ ಬೇಡ ಎಂದು ಹೇಳಿದ್ದೇನೆ. ಮೋಟೆಲಿನಲ್ಲಿ ನಾನು ಹಿಡಿದಿರುವ ರೂಮಿನಲ್ಲಿ ಎರಡು ಮಂಚ ಇವೆ. ಅದನ್ನು ನಿಮ್ಮ ಕಾಗದ ಬಂದ ದಿನವೇ ಹಿಡಿದಿದ್ದೆ.