ನನ್ನ ಸೀಟಿಗೆ ನನ್ನ ಉತ್ತರ

ಮಾವನವರಿಗೆ,

ಇಂಗ್ಲೆಂಡಿನ ವಿಶ್ವವಿದ್ಯಾನಿಲಯಕ್ಕೆ ನೀವು ಬರೆದ ಕಾಗದ ನನ್ನ ಹತ್ತಿರವಿದೆ. ತೋಟದ ರೈಟರ್ ಲಕ್ಕಪ್ಪನನ್ನು ಬಯ್ಯಬೇಡಿ. “ಮೇಷ್ಟ್ರು ರಜದ ಮೇಲೆ ಹೋಗವ್ರೆ, ನೀವೇ ಇಂಗ್ಲೀಷ್ ಮಾಡ್ಕೊಡ್ರವ್ವಾ, ನಿಮ್ಮಿಬ್ರ ಇಸ್ಯಾನೇ ಅದ್ರಾಗಿರೋದು” ಎಂದು ನಿನ್ನೆ, ಪಾಪ, ನನ್ನ ಕೈಗೇ ತಂದುಕೊಟ್ಟ.

ಮಗ ತೀರಿಕೊಂಡ, ಸೊಸೆಯೂ ಬರುವುದಿಲ್ಲ ಎಂದು ಬರೆದಿದ್ದೀರಿ. ಮೊದಲನೆಯದನ್ನು ಹಾಗೆಯೇ ಇಂಗ್ಲಿಷಿಗೆ ತಂದು ಲಕೋಟೆಗೆ ಹಾಕಿದ್ದೇನೆ. ಮೂರು ತಿಂಗಳಿಂದ ನನ್ನ ಕೈಯಲ್ಲಿ ಬರೆಯಲಾಗದ ಮಾತನ್ನು ನೀವು ಬರೆದಿರಿ. ಎರಡನೆಯದನ್ನು ಬಿಟ್ಟಿದ್ದೇನೆ. ನಾವು ಒಟ್ಟಿಗೆ ಅರ್ಜಿ ಹಾಕಿದ್ದು ನಿಜ. ಸೀಟು ಕೊಟ್ಟದ್ದು ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ. ನನ್ನದಕ್ಕೆ ಒಪ್ಪಿಗೆ ತಿಳಿಸಲು ಶುಕ್ರವಾರ ಕೊನೆಯ ದಿನ. ಅಷ್ಟರಲ್ಲಿ ಕಾಗದ ತಲುಪುವುದಿಲ್ಲ. ತಂತಿ ಕೊಡಲು ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಹೊರಟಿದ್ದೇನೆ.

ಅತ್ತೆಯನ್ನು ಎಬ್ಬಿಸಬೇಡಿ, ಈಗಷ್ಟೇ ನಿದ್ದೆ ಹತ್ತಿದೆ. ನಿಮ್ಮ ಕಷಾಯ ಒಲೆಯ ಪಕ್ಕದಲ್ಲಿದೆ. ರೊಟ್ಟಿ ಬಡಿಯಲು ಕೂಲಿ ಲೈನಿನಿಂದ ಗಂಗಾಮಣಿ ಬರುತ್ತಾಳೆ. ನಿಮ್ಮ ಮಗನ ಟ್ರಂಕಿನ ಬೀಗದ ಕೈ ಗೂಟದಲ್ಲಿ ನೇತುಹಾಕಿದ್ದೇನೆ. ಪುಸ್ತಕಗಳನ್ನು ನಾನು ತೆಗೆದುಕೊಂಡೆ. ಉಣ್ಣೆಯ ಕೋಟು ನಿಮಗಿರಲಿ, ನಿಮಗೆ ಸರಿಯಾಗುತ್ತದೆ.

ಗಂಡ ಹೋದವಳು ಹಡಗು ಹತ್ತಿದಳು ಎಂದು ಹೆತ್ತೂರಿನ ಜನ ಆಡಿಕೊಳ್ಳುತ್ತಾರೆ, ಗೊತ್ತಿದೆ. ಇಲ್ಲೇ ಕೂತರೂ ಆಡಿಕೊಳ್ಳುತ್ತಾರೆ.

ಸಂಜೆ ಬಸ್ಸಿಗೆ ಬರುತ್ತೇನೆ. ಬೇಡ ಎನ್ನುವುದಿದ್ದರೆ ನನ್ನ ಮುಖ ನೋಡಿ ಹೇಳಿ, ಕೂತು ಕೇಳುತ್ತೇನೆ. ಅಷ್ಟು ಹೊತ್ತಿಗೆ ತಂತಿ ಹೋಗಿರುತ್ತದೆ.

ವಿಮಲಾಕ್ಷಿ