ಕರವಸ್ತ್ರ ಹಾಕಿ ಹಿಡಿದ ಸೀಟು

೧೮ ನವೆಂಬರ್, ಮಂಗಳವಾರ

ಆತ್ಮಸಾಕ್ಷಿಯ ಸನ್ನಿಧಿಯಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ: ಸೇಡಂ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಇಬ್ಬರ ಸೀಟನ್ನು ಒಬ್ಬನೇ ಕಬಳಿಸಿದೆ. ನಾಳೆಯ ಪಾಠದ ಚಿಂತೆಗೆ ಏಕಾಂತ ಬೇಕಿತ್ತು. ಪರಮಾಣು ಬೀಜದೊಳಗೆ ನ್ಯೂಟ್ರಾನುಗಳು ಜೋಡಿಯಾಗಿದ್ದರೆ ಗಟ್ಟಿ, ಒಂಟಿಯಾದದ್ದನ್ನು ಕೀಳುವುದು ಸುಲಭ ಎಂದರೆ ಹುಡುಗರು ಪ್ರತಿವರ್ಷ ಆಕಳಿಸುತ್ತಾರೆ.

ಮೊದಲ ತಿರುವಿಗೇ ಜಾರಿ ಕೆಳಗೆ ಬಿದ್ದೆ. ಪಕ್ಕದಲ್ಲಿ ನಿಂತಿದ್ದ ಚಿಂಚೋಳಿಯ ಅನಸುಬಾಯಿ ಅಜ್ಜಿ ನಕ್ಕರು.

“ಒಬ್ರೇ ಕುಂತ್ರ ಹಿಂಗೇ ಆಗ್ತದ್ರಿ ಸರ! ಜರಾ ಸರೀರಿ. ಇಬ್ಬರು ಒತ್ತಿ ಕುಂತ್ರ ಯಾರೂ ಬೀಳಂಗಿಲ್ಲ.”

ಸರಿದು ಜಾಗ ಕೊಟ್ಟೆ. ಅವ್ವಾ, ನಿನಗೆ ಶರಣು. ಪಾಠ ಸಿಕ್ಕಿತು! ನಾಳೆ ಹುಡುಗರನ್ನು ಜೋಡಿಜೋಡಿಯಾಗಿ ಕೂರಿಸಿ ಬೆಂಚು ಅಲುಗಾಡಿಸುತ್ತೇನೆ.

ದಾರಿಯುದ್ದಕ್ಕೂ ಪರಮಾಣು ಬೀಜದ ರಚನೆಯನ್ನೇ ಧ್ಯಾನಿಸಿದೆ, ಅದಕ್ಕೇ ತಡವಾಯಿತು ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದೇನೆ. ನಿಜವೆಂದರೆ, ಅಜ್ಜಿಯ ಹೆಗಲ ಮೇಲೆ ಗೊರಕೆ ಹೊಡೆಯುತ್ತ ನಮ್ಮ ಸುಲೇಪೇಟವನ್ನೇ ದಾಟಿಬಿಟ್ಟೆ. ಚಂದಾಪುರದಲ್ಲಿ ಎಚ್ಚರವಾದಾಗ ಅವರ ಸೆರಗು ನನ್ನ ಜೊಲ್ಲಿನಿಂದ…